ಇಳಿಜಾರಿನ ಮೇಲೆ ಮಲಗಿದ ಸರಪಳಿ

ನನ್ನ ಕೈಯಲ್ಲಿ ತ್ರಿಕೋನಮಿತಿ ಕಲಿತ ಹುಡುಗರಲ್ಲಿ ಒಬ್ಬನಿಗೆ ಮಾತ್ರ ನಾನು ತಪ್ಪು ಕಲಿಸಿದೆ ಅಂದರೆ ಸುಳ್ಳಾಗುತ್ತದೆ. ಆ ವರ್ಷದ ಹನ್ನೊಂದು ಹುಡುಗರಿಗೂ ತಪ್ಪನ್ನೇ ಕಲಿಸಿದೆ. ಹತ್ತು ಮಂದಿಗೆ ಅದರಿಂದ ಕೂದಲೂ ಕೊಂಕಲಿಲ್ಲ. ಪೆಟ್ಟು ಬಿದ್ದದ್ದು, ಸರಿಯಾದದ್ದು ಯಾವುದೆಂದು ಮೊದಲೇ ಗೊತ್ತಿದ್ದವನಿಗೆ.

ನಲವತ್ತರ ದಶಕದ ಮಾತು. ಕೊಪ್ಪಳದ ಒಂದು ಹೈಸ್ಕೂಲಿನಲ್ಲಿ ನಾನು ಗಣಿತದ ಮಾಸ್ತರ. ಹುಟ್ಟಿದ್ದು ಯಲಬುರ್ಗಾದ ಕಡೆಯ ಒಕ್ಕಲು ಮನೆಯಲ್ಲಿ, ಓದಿದ್ದು ಹೈದರಾಬಾದಿನಲ್ಲಿ. ನಿಜಾಮರ ರಾಜ್ಯವಾದ್ದರಿಂದ ಪಾಠವೆಲ್ಲ ಉರ್ದುವಿನಲ್ಲೇ ನಡೆಯಬೇಕು. ತ್ರಿಕೋನಕ್ಕೆ ಮುಸಲ್ಲಸ್, ಕೋನಕ್ಕೆ ಜಾವಿಯಾ, ಕರ್ಣಕ್ಕೆ ವತರ್, ಟ್ಯಾಂಜೆಂಟಿಗೆ ಮಮಾಸ್. ಮನೆಯಲ್ಲಿ ರೊಟ್ಟಿ, ಹಿಂಡಿ, ಕನ್ನಡ. ಶಾಲೆಯಲ್ಲಿ ವತರ್ ಮತ್ತು ಮಮಾಸ್. ಹುಡುಗರು ಮಂತ್ರದ ಹಾಗೆ ಬಾಯಿಪಾಠ ಮಾಡುತ್ತಿದ್ದರು, ಅರ್ಥವಾಗುತ್ತಿರಲಿಲ್ಲ. ನಾನು ಮೊದಲು ಉರ್ದುವಿನಲ್ಲಿ ಹೇಳಿ, ಆಮೇಲೆ ಎದ್ದು ಹೋಗಿ ಬಾಗಿಲು ಹಾಕಿ, ಅದನ್ನೇ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದೆ. ಬಾಗಿಲು ಹಾಕಿದ ಕೂಡಲೇ ಹುಡುಗರು ಕಾಲು ಚಾಚಿ ಕೂಡುತ್ತಿದ್ದರು. ಇದಕ್ಕಾಗಿ ನನ್ನ ಬಗ್ಗೆ ನನಗೆ ಭಾರೀ ಅಭಿಮಾನವಿತ್ತು. ಉಳಿದ ಮಾಸ್ತರರು ಗಿಳಿಪಾಠ ಹೇಳುತ್ತಾರೆ, ನಾನೊಬ್ಬನೇ ತಿಳಿಸಿ ಹೇಳುವವನು ಎಂದು ನಂಬಿದ್ದೆ. ಅಭಿಮಾನ ಇದ್ದ ಕಡೆ ಕಣ್ಣು ಸ್ವಲ್ಪ ಮಂದ ಎನ್ನುವುದು ಆಮೇಲೆ ತಿಳಿಯಿತು.

ಎತ್ತರ ಮತ್ತು ದೂರದ ಲೆಕ್ಕಗಳಿಗೆ ಬಂದಾಗ ನನಗೊಂದು ಹುರುಪು ಬಂತು. ಪುಸ್ತಕದಲ್ಲಿ ಯಾವುದೋ ಮಿನಾರು, ಯಾವುದೋ ಹಡಗು. ಹಡಗನ್ನು ಕೊಪ್ಪಳದ ಹುಡುಗರು ಎಲ್ಲಿ ನೋಡಬೇಕು? ನಮ್ಮ ಶಾಲೆಯ ಹಿಂದೆಯೇ ಗೋಡೆ ಕಟ್ಟಿದ ಹಾಗೆ ನೆಟ್ಟಗೆ ನಿಂತ ಕಲ್ಲುಗುಡ್ಡವಿತ್ತು. ಅದರ ಎತ್ತರವನ್ನೇ ಅಳೆಯೋಣ ಎಂದೆ. ಬಡಿಗನಿಗೆ ಹೇಳಿ ತೆಳು ಹಲಗೆಯ ಅರ್ಧಚಂದ್ರ ಕೊರೆಸಿದೆ. ಅಂಚಿಗೆ ಡಿಗ್ರಿಗಳ ಗೆರೆ ಎಳೆದೆ. ನೇರ ಬದಿಗೆ ಬಿದಿರಿನ ಸಣ್ಣ ಕೊಳವೆ ಕಟ್ಟಿ, ನಡುವಿನ ಮೊಳೆಯಿಂದ ದಾರ ಇಳಿಬಿಟ್ಟು ತುದಿಗೆ ಸೀಸದ ಗುಂಡು ಕಟ್ಟಿದೆ. ಕೊಳವೆಯಿಂದ ಗುಡ್ಡದ ತುದಿ ನೋಡಿದರೆ, ದಾರ ಯಾವ ಗೆರೆಯ ಮೇಲೆ ನಿಲ್ಲುತ್ತದೋ ಅದರಿಂದ ಕೋನ ತಿಳಿಯುತ್ತದೆ.

ಇನ್ನು ನೆಲ ಅಳೆಯಲು ಸರಪಳಿ ಬೇಕು. ಹೆಡ್ ಮಾಸ್ತರರಿಂದ ಚೀಟಿ ಬರೆಸಿಕೊಂಡು ತಾಲೂಕು ಕಚೇರಿಯಿಂದ ಹೊಲ ಅಳೆಯುವ ಸರಪಳಿಯನ್ನು ಕಡ ತಂದೆ. ಮೂವತ್ತಮೂರು ಅಡಿ ಉದ್ದ, ಅದರಲ್ಲಿ ಹದಿನಾರು ಪಾಲು. ಒಂದೊಂದು ಪಾಲಿಗೆ ಒಂದು ಆಣೆ ಎಂದು ಹೆಸರು. ಒಂದು ಆಣೆ ಅಂದರೆ ಎರಡು ಅಡಿಗಿಂತ ಚೂರು ಹೆಚ್ಚು. ಆ ಸರಪಳಿ ಕ್ಲಾಸಿನೊಳಗೆ ಬಂದಾಗ ಹತ್ತು ಹುಡುಗರು ಮುಟ್ಟಿ ಮುಟ್ಟಿ ನೋಡಿದರು. ಒಬ್ಬ ಮಾತ್ರ ಮುಟ್ಟಲಿಲ್ಲ. ಅವನ ತಂದೆ ಇಪ್ಪತ್ತು ವರ್ಷದಿಂದ ಅದೇ ಕಚೇರಿಯಲ್ಲಿ ಸರಪಳಿ ಎಳೆಯುವ ಆಳು. ಬಹುಶಃ ಅದೇ ಸರಪಳಿಯನ್ನೇ ಎಳೆದಿರಬೇಕು. ಆ ಹುಡುಗ ನನ್ನ ಕ್ಲಾಸಿನ ಅತ್ಯಂತ ಚುರುಕು ಹುಡುಗ. ಮಮಾಸಿನ ಕೋಷ್ಟಕವನ್ನು ಐದೈದು ಡಿಗ್ರಿಗೆ ಬಾಯಲ್ಲೇ ಹೇಳುತ್ತಿದ್ದ. ಮಾತು ಕಡಿಮೆ.

ಅಳೆಯುವ ಕ್ರಮ ಸರಳ. ಗುಡ್ಡದಿಂದ ಹಿಂದೆ ಹಿಂದೆ ಸರಿಯುತ್ತ, ದಾರ ನಲವತ್ತೈದರ ಗೆರೆಗೆ ಬರುವ ಜಾಗದಲ್ಲಿ ಗೂಟ ಹೊಡೆಯುವುದು. ನಲವತ್ತೈದು ಡಿಗ್ರಿಗೆ ಮಮಾಸ್ ಒಂದೇ ಆದ್ದರಿಂದ, ಗೂಟದಿಂದ ಗುಡ್ಡಕ್ಕೆ ಎಷ್ಟು ದೂರವೋ ಅಷ್ಟೇ ಎತ್ತರ. ಅದಕ್ಕೆ ನಿಂತವನ ಕಣ್ಣಿನ ಎತ್ತರ ಐದು ಅಡಿ ಕೂಡಿಸಿದರೆ ಲೆಕ್ಕ ಮುಗಿಯಿತು. ಗೂಟ ಹೊಡೆದೆವು. ಅಲ್ಲಿಂದ ಗುಡ್ಡದ ಬುಡದವರೆಗೆ ನೆಲ ಏರುತ್ತ ಹೋಗುತ್ತಿತ್ತು, ಮೂರು ಹೆಜ್ಜೆಗೆ ಒಂದು ಹೆಜ್ಜೆ ಏರುವಂಥ ಕಲ್ಲುನೆಲ. ಮೊದಲ ಗುಂಪನ್ನು ನಾನೇ ನಿಂತು ನಡೆಸಿದೆ. ಸರಪಳಿಯನ್ನು ನೆಲದ ಮೇಲೆ ಬಿಗಿಯಾಗಿ ಹಾಸುವುದು, ತುದಿಗೆ ಕಡ್ಡಿ ಚುಚ್ಚುವುದು, ಮುಂದಕ್ಕೆ ಎಳೆಯುವುದು. ಸರಿಯಾಗಿ ನಾಲ್ಕು ಸರಪಳಿ ಬಂತು. ನೂರ ಮೂವತ್ತೆರಡು ಅಡಿ. ಐದು ಕೂಡಿಸಿ ನೂರ ಮೂವತ್ತೇಳು. ನಾಲ್ಕು ಎಂದು ಪೂರಾ ಅಂಕಿ ಬಂದದ್ದು ನೋಡಿ ದೇವರೇ ಸಹಿ ಹಾಕಿದಷ್ಟು ಸಂತೋಷವಾಯಿತು ನನಗೆ. ಗಣಿತದ ಮಾಸ್ತರರಿಗೆ ಈ ರೋಗ ಇದ್ದದ್ದೇ.

ಎರಡನೆಯ ಗುಂಪಿಗೂ ಅಷ್ಟೇ ಬಂತು. ಮೂರನೆಯ ಗುಂಪು ಆ ಹುಡುಗನದು. ಅವರು ಎಷ್ಟು ಹೊತ್ತಾದರೂ ಮುಗಿಸಲೊಲ್ಲರು. ಬಿಸಿಲು ನೆತ್ತಿ ಸುಡುತ್ತಿತ್ತು, ಉಳಿದವರು ಗಿಡದ ನೆರಳಿಗೆ ಹೋಗಿ ಗದ್ದಲ ಹಚ್ಚಿದ್ದರು. ಹೋಗಿ ನೋಡಿದರೆ ಅವನು ಇಡೀ ಸರಪಳಿ ಹಾಸದೆ ನಾಲ್ಕು ನಾಲ್ಕು ಆಣೆಯಷ್ಟೇ ಹಿಡಿದು ಅಳೆಯುತ್ತಿದ್ದ. ಮೇಲಿನ ತುದಿಯನ್ನು ಒಬ್ಬ ನೆಲಕ್ಕೆ ಒತ್ತಿ ಹಿಡಿಯುವುದು, ಕೆಳಗಿನ ತುದಿಯನ್ನು ಇವನು ಸೊಂಟದ ಮಟ್ಟಕ್ಕೆ ಎತ್ತಿ ಸರಪಳಿಯನ್ನು ಅಡ್ಡಡ್ಡ ಮಟ್ಟಸವಾಗಿ ಹಿಡಿಯುವುದು, ಆ ತುದಿಯಿಂದ ಒಂದು ಹರಳು ಕೆಳಗೆ ಬಿಡುವುದು, ಅದು ಬಿದ್ದ ಕಡೆ ಗುರುತು ಹಾಕುವುದು. ಹೀಗೆ ಹದಿನೈದು ಸಲ ಮಾಡಿ, ಮೇಲೊಂದು ಆಣೆ ಉಳಿದಿತ್ತು. ಮೂರು ಸರಪಳಿ ಹದಿಮೂರು ಆಣೆ, ಅಂದರೆ ನೂರ ಇಪ್ಪತ್ತಾರು ಅಡಿ. ಐದು ಕೂಡಿಸಿ ನೂರ ಮೂವತ್ತೊಂದು ಎಂದು ಬರೆದಿದ್ದ.

ಇದೇನು ಆಟ ಎಂದು ಕೇಳಿದೆ. ಅವನು ತಲೆ ತಗ್ಗಿಸಿ, ‘ಸರಪಳಿ ನೆಲದ ಮ್ಯಾಲ ಮಲಗಿಸಬಾರದಂತ್ರಿ ಮಾಸ್ತರ್ರ, ಇಳಕಲಿನ್ಯಾಗ,’ ಎಂದ.

ಹಾಗೆಂದು ಯಾರು ಹೇಳಿದರೆಂದು ಕೇಳಿದೆ. ‘ನಮ್ಮಪ್ಪ’ ಎಂದ.

ಹುಡುಗರು ನಕ್ಕರು. ನಾನು ನಗದೇ ಇದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ನಾನೂ ನಕ್ಕೆ. ನಕ್ಕು, ಇಷ್ಟು ವರ್ಷವಾದರೂ ಕಿವಿಯಲ್ಲಿ ಉಳಿದಿರುವ ಒಂದು ಮಾತು ಆಡಿದೆ: ‘ಸರಪಳಿ ಎಳಿಯೂದು ಬ್ಯಾರೆ, ಗಣಿತ ಬ್ಯಾರೆ. ನಿಮ್ಮಪ್ಪ ಪುಸ್ತಕ ಓದ್ಯಾನೇನು?’

ಅವನು ಹರಳನ್ನು ಕೈಯಿಂದ ಕೆಳಗೆ ಹಾಕಿದ. ನಾನು ಅಷ್ಟಕ್ಕೆ ಬಿಡದೆ ಅವನ ಕೈಯಿಂದಲೇ ಮತ್ತೊಮ್ಮೆ ನನ್ನ ರೀತಿಯಲ್ಲಿ ಅಳೆಸಿದೆ. ನಾಲ್ಕು ಸರಪಳಿ ಬಂತು. ಕ್ಲಾಸಿಗೆ ಬಂದ ಮೇಲೆ ಬೋರ್ಡಿನ ಮೇಲೆ ಅಳೆಯುವ ಕ್ರಮವನ್ನು ಅವನಿಂದಲೇ ಬರೆಸಿದೆ. ಮುಂದೆ ಹೇಗೆ ಅಳೆಯುತ್ತೀ ಎಂದು ಎಲ್ಲರೆದುರು ಕೇಳಿದೆ. ‘ನೀವು ಹೇಳಿದಂಗ್ರಿ’ ಎಂದ. ಶಭಾಷ್ ಎಂದೆ.

ಇದನ್ನು ಓದುವವರಿಗೆ ನಾನು ಕೆಡುಕ ಅನಿಸಬಹುದು. ಕೆಡುಕನಾಗಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಆ ಹುಡುಗನ ಮೇಲೆ ನನಗೆ ನಿಜವಾದ ಪ್ರೀತಿ ಇತ್ತು. ಹೈದರಾಬಾದಿನಲ್ಲಿ ನಾವು ಅಳೆದದ್ದು ಕಾಲೇಜಿನ ಹುಲ್ಲುಹಾಸಿನ ಮೇಲೆ. ನೆಲ ರೊಟ್ಟಿ ತಟ್ಟುವ ಕಲ್ಲಿನಷ್ಟು ಸಪಾಟು. ಪುಸ್ತಕದ ಚಿತ್ರದಲ್ಲಿಯೂ ನೆಲ ಎಂದರೆ ಒಂದು ಅಡ್ಡಗೆರೆ. ಏರು ಇಳುವು ಇರುವ ನೆಲವನ್ನು ನಾನು ಹುಟ್ಟಿದಾಗಿನಿಂದ ತುಳಿದಿದ್ದೆ, ಲೆಕ್ಕದಲ್ಲಿ ಮಾತ್ರ ಅದು ನನಗೆ ಕಂಡಿರಲಿಲ್ಲ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅನ್ನುತ್ತಾರೆ. ನನ್ನ ಹತ್ತಿರ ಆ ಒಕ್ಕಾಲೇ ಇಡೀ ಮನೆ ತುಂಬಿಕೊಂಡು ಕೂತಿತ್ತು.

ತುಂಗಭದ್ರೆಗೆ ಅಣೆಕಟ್ಟು ಆಗುತ್ತದೆ, ಕಾಲುವೆ ಬರುತ್ತದೆ ಎಂಬ ಸುದ್ದಿ ಆಗ ಊರೂರಿನಲ್ಲಿತ್ತು. ಕಾಲುವೆಯ ದಾರಿ ಅಳೆಯುವವರು ಹಿಟ್ನಾಳದ ಹತ್ತಿರ ಡೇರೆ ಹಾಕಿದ್ದರು. ಅವರ ಕೆಲಸ ನೋಡಿಕೊಳ್ಳುವ ಓವರಸೇರ ಒಬ್ಬರು ನಮ್ಮ ಹೆಡ್ ಮಾಸ್ತರರಿಗೆ ಹೇಳಿ ಕಳಿಸಿದರು. ಅಳತೆ ಕೆಲಸಕ್ಕೆ ಒಬ್ಬ ಉಮೇದವಾರ ಬೇಕು. ಉಮೇದವಾರ ಎಂದರೆ ಕೆಲಸ ಕಲಿಯುತ್ತ ದುಡಿಯುವವನು. ವರ್ಷ ಕಳೆದ ಮೇಲೆ ಕಾಯಂ ನೌಕರಿ. ತ್ರಿಕೋನಮಿತಿ ಬಲ್ಲ ಹುಡುಗನಿದ್ದರೆ ಕಳಿಸಿರಿ, ಪರೀಕ್ಷೆ ಮಾಡಿ ತೆಗೆದುಕೊಳ್ಳುತ್ತೇವೆ ಎಂದಿದ್ದರು. ಹೆಡ್ ಮಾಸ್ತರರು ನನ್ನನ್ನು ಕೇಳಿದರು. ನಾನು ಒಂದು ಕ್ಷಣವೂ ಯೋಚಿಸದೆ ಆ ಹುಡುಗನ ಹೆಸರು ಹೇಳಿದೆ. ಸರಪಳಿ ಎಳೆಯುವವನ ಮಗ ಸರಪಳಿ ಎಳೆಸುವವನಾಗಲಿ ಎಂದು ನನ್ನ ಆಸೆ. ಅವರ ಮನೆಯಲ್ಲಿ ಅದುವರೆಗೆ ಯಾರೂ ಕುರ್ಚಿಯ ಮೇಲೆ ಕೂತು ದುಡಿದವರಿರಲಿಲ್ಲ.

ಎರಡು ವಾರ ಶಾಲೆ ಬಿಟ್ಟ ಮೇಲೆ ಅವನನ್ನು ಕೂಡಿಸಿಕೊಂಡು ತಯಾರು ಮಾಡಿದೆ. ಲಾಗರಿದಮ್ ಕೋಷ್ಟಕ ನೋಡುವುದು, ಎರಡು ಕಡೆಯಿಂದ ಕೋನ ತೆಗೆದು ಹೊಳೆಯ ಅಗಲ ಕಂಡುಹಿಡಿಯುವುದು, ಎಲ್ಲ ನೀರು ಕುಡಿದಂತೆ ಬಂತು. ಸರಪಳಿಯ ಅಭ್ಯಾಸವನ್ನೂ ಮಾಡಿಸಿದೆ. ನೆಲಕ್ಕೆ ಹತ್ತಿಸಿ ಹಾಸು, ಕಲ್ಲು ಅಡ್ಡ ಬಂದರೆ ಸರಿಸು, ಬಿಗಿ ಎಳೆ. ಅವನು ಅದನ್ನೂ ಹಾಗೆಯೇ ಮಾಡಿದ. ಎಷ್ಟು ಚೆನ್ನಾಗಿ ಮಾಡಿದನೆಂದರೆ, ಗೊತ್ತಿದ್ದೂ ಮಾಡುತ್ತಿದ್ದಾನೆ ಎಂಬ ಗುಮಾನಿ ನನಗೆ ಬರಲೇ ಇಲ್ಲ.

ಪರೀಕ್ಷೆಗೆ ಎರಡು ದಿನ ಇರುವಾಗ ಅವನ ತಂದೆ ನನ್ನ ಮನೆಗೆ ಬಂದ. ಕಟ್ಟೆಯ ಮೇಲೆ ಕೂಡು ಎಂದರೂ ಕೂಡದೆ ಕೆಳಗೆ ಕುಕ್ಕರಗಾಲಲ್ಲಿ ಕೂತ. ಎಲೆ ಅಡಿಕೆ ಕೊಟ್ಟೆ. ಬಹಳ ಹೊತ್ತು ಮಳೆ, ಬೆಳೆ ಮಾತಾಡಿ, ಕೊನೆಗೆ, ‘ಮಾಸ್ತರ್ರ, ಆ ಸರಪಳಿ ಹಾಸೂದು ಒಂದ್ ಮಾತು ಕೇಳಬೇಕಂತಿದ್ದೆ,’ ಎಂದ. ನಾನು ಅವನ ಮಾತು ಮುಗಿಯಲು ಬಿಡಲಿಲ್ಲ. ಅದೆಲ್ಲ ಹೊಲದ ಬದುವಿನ ಅಳತೆ, ಇದು ಶಾಸ್ತ್ರದ ಅಳತೆ, ಹುಡುಗನ ತಲೆ ಕೆಡಿಸಬೇಡ ಎಂದು ನಯವಾಗಿಯೇ ಹೇಳಿದೆ. ನಯವಾಗಿ ಹೇಳಿದೆನೆಂಬುದು ಈಗ ಇನ್ನಷ್ಟು ಚುಚ್ಚುತ್ತದೆ. ಅವನು ಎದ್ದು ನಿಂತ.

‘ಓದಿದವರು ನೀವು. ನಾನೂ ಹುಡುಗಗ ಅದನ್ನ ಹೇಳೀನ್ರಿ, ಮಾಸ್ತರು ಹೇಳಿದ್ದನ್ನ ಮೀರಬ್ಯಾಡ ಅಂತ.’

ಪರೀಕ್ಷೆಯ ದಿನ ನಾನು ಜೊತೆಗೆ ಹೋದೆ. ಹೋಗಬೇಕೆಂದು ಯಾರೂ ಹೇಳಿರಲಿಲ್ಲ. ನಾನು ತಯಾರು ಮಾಡಿದ ಹುಡುಗ ಗೆಲ್ಲುವುದನ್ನು ಕಣ್ಣಾರೆ ನೋಡಬೇಕಿತ್ತು, ಅಷ್ಟೇ. ಬಂಡಿಯಲ್ಲಿ ಹೋಗುವಾಗ ಅರ್ಧಚಂದ್ರದ ಹಲಗೆಯನ್ನು ಅವನು ತೊಡೆಯ ಮೇಲಿಟ್ಟುಕೊಂಡು, ಗಾಲಿ ಕುಲುಕಿದಾಗಲೆಲ್ಲ ಗುಂಡಿನ ದಾರ ಸಿಕ್ಕಾಗದಂತೆ ಕೈ ಅಡ್ಡ ಹಿಡಿಯುತ್ತಿದ್ದ.

ಗಂಗಾವತಿಯ ಕಡೆಯಿಂದ ಇನ್ನೊಬ್ಬ ಹುಡುಗ ಬಂದಿದ್ದ, ಅಂಗಡಿಕಾರರ ಮನೆಯವನು. ಓವರಸೇರರು ಧಾರವಾಡ ಸೀಮೆಯ ಕಡೆಯವರು, ಬಿಸಿಲಿಗೆ ಸುಟ್ಟ ಮುಖ, ಮಾತು ನೇರ. ನನಗೆ ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿಸಿದರು. ಮೊದಲು ಬಾಯಿಲೆಕ್ಕ, ಆಮೇಲೆ ಕಾಗದದ ಲೆಕ್ಕ. ನಮ್ಮ ಹುಡುಗ ಎರಡರಲ್ಲೂ ಮುಂದೆ. ಗಂಗಾವತಿಯ ಹುಡುಗ ಒಂದು ಮಮಾಸ್ ಹುಡುಕಲು ಇಡೀ ಕೋಷ್ಟಕ ತಿರುವಿ ಹಾಕಿದ. ಓವರಸೇರರು ನನ್ನ ಕಡೆ ನೋಡಿ ಮೆಚ್ಚಿಗೆಯಿಂದ ತಲೆದೂಗಿದರು. ನಾನು ಮೀಸೆ ನೀವಿಕೊಂಡೆ.

ಆಮೇಲೆ ಸರಪಳಿ ತರಿಸಿದರು. ಅಲ್ಲೇ ಹಳ್ಳಕ್ಕೆ ಇಳಿಯುವ ಒಂದು ದಂಡೆ. ಮೇಲಿನ ಗೂಟದಿಂದ ಕೆಳಗಿನ ಗೂಟಕ್ಕೆ ಎಷ್ಟು ದೂರ, ಅಳೆದು ಹೇಳು ಎಂದರು. ಹುಡುಗ ಸರಪಳಿ ಕೈಯಲ್ಲಿ ಹಿಡಿದು ನಿಂತ. ನೆಲ ನೋಡಿದ. ಬಗ್ಗಿ ಒಂದು ಹರಳು ಎತ್ತಿಕೊಂಡ. ಆಮೇಲೆ ತಿರುಗಿ, ಗಿಡದ ಕೆಳಗೆ ಕೂತಿದ್ದ ನನ್ನನ್ನು ನೋಡಿದ.

ನಾನು ತಲೆ ಅಲ್ಲಾಡಿಸಿದೆ. ಹೂಂ, ಕಲಿಸಿದ ಹಾಗೆ ಮಾಡು ಎಂದು.

ಅವನು ಹರಳನ್ನು ಕೆಳಗೆ ಹಾಕಿದ. ಸರಪಳಿಯನ್ನು ಇಳಿಜಾರಿನ ಮೇಲೆ ಉದ್ದಕ್ಕೆ ಹಾಸಿದ. ಕಲ್ಲು ಸರಿಸಿದ, ಬಿಗಿ ಎಳೆದ. ಅಚ್ಚುಕಟ್ಟಾಗಿ.

‘ಸಾಕು’ ಎಂದರು ಓವರಸೇರರು. ಒಂದೇ ಸರಪಳಿ ಹಾಸಿದ್ದ, ಎರಡನೆಯದಕ್ಕೆ ಬಿಡಲಿಲ್ಲ. ತಂದೆ ಏನು ಮಾಡುತ್ತಾನೆಂದು ಕೇಳಿದರು. ಅವನು ಹೇಳಿದ. ಇಪ್ಪತ್ತು ವರ್ಷ ಸರಪಳಿ ಎಳೆದವನ ಮಗನಿಗೆ ಇಷ್ಟೂ ಗೊತ್ತಿಲ್ಲವೇ ಎಂದು ಅವರಿಗೆ ನಿಜವಾಗಿ ಆಶ್ಚರ್ಯವಾಗಿತ್ತು. ತಾವೇ ಸರಪಳಿಯ ತುದಿ ಎತ್ತಿ ಮಟ್ಟಸವಾಗಿ ಹಿಡಿದು, ಒಂದು ಹರಳು ಕೆಳಗೆ ಬಿಟ್ಟು, ಬಿದ್ದ ಜಾಗ ಕಾಲಿನಿಂದ ತೋರಿಸಿದರು. ನಕ್ಷೆಯ ಮೇಲೆ ಬರುವುದು ಈ ದೂರ, ಇಳಿಜಾರಿನ ದೂರವಲ್ಲ ಎಂದರು. ಹಾಸಿ ಅಳೆಯುವುದನ್ನು ಯಾರು ಕಲಿಸಿದರು ಎಂದು ಕೇಳಿದರು.

ಆ ಹರಳು ಬಿದ್ದ ಕೂಡಲೇ ನನಗೆ ಗೊತ್ತಾಯಿತು. ವಿವರಣೆ ಬೇಕಿರಲಿಲ್ಲ. ಇಳಿಜಾರು ಎಂಬುದು ವತರ್, ಅಂದರೆ ಕರ್ಣ. ಮಟ್ಟಸವಾದ ದೂರ ತ್ರಿಕೋನದ ಪಾದ. ವತರ್ ಯಾವಾಗಲೂ ಪಾದಕ್ಕಿಂತ ಉದ್ದ ಎಂದು ದಿನಾ ಬಾಗಿಲು ಹಾಕಿ ಕನ್ನಡದಲ್ಲಿ ಹೇಳುತ್ತಿದ್ದವನು ನಾನೇ. ಅದೇ ವತರಿನ ಮೇಲೆ ಸರಪಳಿ ಹಾಸಿ, ಅದನ್ನೇ ಪಾದ ಎಂದು ಹನ್ನೊಂದು ಹುಡುಗರಿಂದ ಬರೆಸಿದ್ದೆ.

ಹುಡುಗ ನೆಲ ನೋಡುತ್ತ ನಿಂತ. ಓವರಸೇರರು ಕಾದರು. ಅಷ್ಟು ಹೊತ್ತು ನನಗೂ ಸಿಕ್ಕಿತ್ತು. ಎದ್ದು ನಾಲ್ಕು ಹೆಜ್ಜೆ ನಡೆದು, ಕಲಿಸಿದವನು ನಾನು ಎಂದರೆ ಮುಗಿಯುತ್ತಿತ್ತು. ನಾನು ಕುರ್ಚಿಯಲ್ಲಿ ಕೂತು ಕಾಲಿನ ಚಪ್ಪಲಿ ನೋಡಿಕೊಂಡೆ. ನಾಲಿಗೆ ಒಣಗಿತ್ತು ಎಂದು ಹೇಳಿಕೊಳ್ಳಬಹುದು. ಒಣಗಿರಲಿಲ್ಲ. ನಾಚಿಕೆಯಾಗಿತ್ತು, ಅಷ್ಟೇ. ಅರ್ಧ ಗಂಟೆಯ ಹಿಂದೆ ಮೀಸೆ ನೀವಿಕೊಂಡವನಿಗೆ ಈಗ ಏಳಲು ಆಗಲಿಲ್ಲ.

ಗಂಗಾವತಿಯ ಹುಡುಗನಿಗೆ ಸರಪಳಿ ಹಿಡಿಯಲೂ ಬರುತ್ತಿರಲಿಲ್ಲ. ಹಾವನ್ನು ಹಿಡಿದ ಹಾಗೆ ಹಿಡಿದ. ತನಗೆ ಗೊತ್ತಿಲ್ಲವೆಂದು ಒಪ್ಪಿಕೊಂಡ. ಓವರಸೇರರು ಅವನನ್ನೇ ಆರಿಸಿದರು. ನನ್ನ ಹತ್ತಿರ ಬಂದು, ಬೇಸರ ಮಾಡಿಕೊಳ್ಳಬೇಡಿ ಎಂದು ಸಮಾಧಾನವನ್ನೂ ಹೇಳಿದರು.

‘ಬಾರದ್ದನ್ನ ಕಲಿಸಬಹುದ್ರಿ ಮಾಸ್ತರ್. ತಪ್ಪು ಕಲತದ್ದನ್ನ ಬಿಡಸೂದು ಭಾಳ ಕಷ್ಟ.’

ಹೌದೆಂದು ಗೋಣು ಹಾಕಿದೆ. ಬಂಡಿಯಲ್ಲಿ ವಾಪಸು ಬರುವಾಗ ನಡುವೆ ಒಮ್ಮೆ ಹುಡುಗ, ನೀರು ಕುಡೀತೀರೇನ್ರಿ ಎಂದು ಕೇಳಿ ತಂಬಿಗೆ ಕೊಟ್ಟ.

ಆಮೇಲಿನ ನಾಲ್ಕೈದು ದಿನ ನನ್ನೊಳಗೆ ದೊಡ್ಡ ವಕೀಲಿಕೆ ನಡೆಯಿತು. ಪುಸ್ತಕದಲ್ಲಿ ಬರೆದಿರಲಿಲ್ಲ, ಅದು ನನ್ನ ತಪ್ಪೇ? ಹುಡುಗನಾದರೂ ಜೋರಾಗಿ ವಾದ ಮಾಡಬೇಕಿತ್ತಲ್ಲ? ಅಪ್ಪನಾದರೂ ಮಾತು ಪೂರ್ತಿ ಹೇಳಬೇಕಿತ್ತಲ್ಲ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಶಾಲೆಯಲ್ಲಿ ಯಾರು ಹಿಟ್ನಾಳ ಎಂದರೂ ಬೆಚ್ಚುತ್ತಿದ್ದೆ. ಏನಾಯಿತೆಂದು ಹೆಡ್ ಮಾಸ್ತರರು ಕೇಳಿದಾಗ, ಸರಪಳಿಯ ಪರೀಕ್ಷೆಯಲ್ಲಿ ಹುಡುಗ ಎಡವಿದ ಎಂದೆ. ಅದೂ ನನ್ನ ಬಾಯಿಂದಲೇ ಬಂದ ಮಾತು.

ನಿಜಾಮರ ರಾಜ್ಯದಲ್ಲಿ ಶಾಲೆಗೆ ಶುಕ್ರವಾರ ರಜೆ. ಇನ್ನೂ ವಾಪಸು ಕೊಡದ ಸರಪಳಿಯನ್ನು ಹೊತ್ತುಕೊಂಡು, ಮನೆಯ ಪಕ್ಕದ ಮುದುಕನೊಬ್ಬನನ್ನು ತುದಿ ಹಿಡಿಯಲು ಕರೆದುಕೊಂಡು ಗುಡ್ಡದ ಹತ್ತಿರ ಹೋದೆ. ಲೆಕ್ಕ ನನಗೆ ಗೊತ್ತೇ ಇತ್ತು, ಮೈಗೆ ಗೊತ್ತಾಗಬೇಕಿತ್ತು. ನಾಲ್ಕು ನಾಲ್ಕು ಆಣೆ ಹಿಡಿದು, ಸೊಂಟದ ಮಟ್ಟಕ್ಕೆ ಎತ್ತಿ, ಹರಳು ಬಿಟ್ಟು, ಗುರುತು ಹಾಕಿ, ಗುಡ್ಡದ ಬುಡದಿಂದ ಗೂಟದವರೆಗೆ ಇಳಿದೆ. ಎತ್ತಿ ಹಿಡಿದ ಸರಪಳಿ ಕೈ ಸೋಲುವಷ್ಟು ಭಾರ. ಹದಿನೈದು ಸಲ, ಮೇಲೊಂದು ಆಣೆ. ಆ ಹುಡುಗ ಬಿಸಿಲಿನಲ್ಲಿ, ಎಲ್ಲರ ನಗೆಯ ನಡುವೆ ಮಾಡಿದ್ದು ಒಂದು ಆಣೆಯೂ ಅತ್ತ ಇತ್ತ ಆಗಿರಲಿಲ್ಲ. ಅಲ್ಲೇ ಕಲ್ಲಿನ ಮೇಲೆ ಕೂತು ಅತ್ತೆ. ಸಂಗಡ ಬಂದ ಮುದುಕ ಗಾಬರಿಯಾಗಿ, ಕಾಲಿಗೆ ಏನಾದರೂ ನೆಟ್ಟಿತೇನು ಎಂದು ಕೇಳಿದ.

ಅಲ್ಲಿ ಕೂತೇ ನಿರ್ಧಾರ ಮಾಡಿದೆ. ಮೊದಲು ಕ್ಲಾಸಿನಲ್ಲಿ ಹೇಳುವುದು, ಆಮೇಲೆ ಹಿಟ್ನಾಳಕ್ಕೆ ಹೋಗಿ ಓವರಸೇರರ ಮುಂದೆ ಹೇಳುವುದು. ನೌಕರಿಗೆ ಕುತ್ತು ಬಂದರೆ ಬರಲಿ. ಹುಡುಗನಿಗೆ ಆ ಜಾಗ ಸಿಗಬೇಕು.

ಮರುದಿನ ಬೋರ್ಡಿನ ಮೇಲೆ ನೂರ ಮೂವತ್ತೇಳು ಎಂದು ಬರೆದು ಅಡ್ಡಗೆರೆ ಹೊಡೆದೆ. ಪಕ್ಕಕ್ಕೆ ನೂರ ಮೂವತ್ತೊಂದು ಎಂದು ಬರೆದೆ. ಬಾಗಿಲು ಹಾಕದೆಯೇ ಕನ್ನಡದಲ್ಲಿ ಹೇಳಿದೆ, ನಾನು ಕಲಿಸಿದ್ದು ತಪ್ಪು, ಅವನು ಅಳೆದದ್ದು ಸರಿ, ನಗಬಾರದಾಗಿತ್ತು ಎಂದು. ಹುಡುಗರು ಮುಖ ಮೇಲೆತ್ತದೆ ಹಳೆಯ ಅಂಕಿ ಹೊಡೆದು ಹೊಸದನ್ನು ಬರೆದುಕೊಂಡರು. ನೂರ ಮೂವತ್ತೇಳನ್ನೂ ಹೀಗೆಯೇ ಬರೆದುಕೊಂಡಿದ್ದರು. ಯಾರ ಸಲುವಾಗಿ ಇದನ್ನೆಲ್ಲ ಹೇಳುತ್ತಿದ್ದೆನೋ ಅವನ ಜಾಗ ಖಾಲಿ ಇತ್ತು. ಮೂರು ದಿನದಿಂದ ಬಂದಿಲ್ಲ ಎಂದರು. ಹುಡುಗನ ಮುಖ ನೋಡುವುದು ತಪ್ಪಿತಲ್ಲ ಎಂದು ಆ ಮೂರು ದಿನ ನಾನು ಒಳಗೊಳಗೇ ಹಗುರಾಗಿದ್ದೆ. ಎಲ್ಲಿಗೆ ಹೋದನೆಂದು ಕೇಳಿರಲಿಲ್ಲ.

ಸಂಜೆ ಅವರ ಮನೆಗೆ ಹೋದೆ. ತಂದೆ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ಹುಡುಗ ಹಿಟ್ನಾಳದ ಡೇರೆಗೆ ಸರಪಳಿ ಎಳೆಯುವ ಆಳಾಗಿ ಹೋಗಿದ್ದಾನೆ ಎಂದ. ಉಮೇದವಾರನ ಕೆಲಸ ಇಲ್ಲವೆಂದ ಮೇಲೆ ಶಾಲೆಯಲ್ಲಿ ಕೂತು ಏನು ಮಾಡುವುದು, ಕೂಲಿಯಾದರೂ ಬರಲಿ ಎಂದು ತಾನೇ ಹೋದನಂತೆ. ನಾನು ನಿಂತಲ್ಲೇ ಹೇಳಿದೆ. ನೀನು ಆವತ್ತು ಹೇಳಬಂದದ್ದೇ ಸರಿ ಇತ್ತು, ನನಗೆ ಗೊತ್ತಿರಲಿಲ್ಲ, ನಿನ್ನ ಮಗನ ಅನ್ನಕ್ಕೆ ನಾನು ಕಲ್ಲು ಹಾಕಿದೆ ಎಂದೆ. ಅವನು ಹಗ್ಗ ಬಿಟ್ಟು ಎದ್ದು ನಿಂತು, ಹಂಗ್ಯಾಕಂತೀರಿ ಬಿಡ್ರಿ ಎಂದ. ಹುಡುಗನಿಗೂ ಅದು ಗೊತ್ತಿತ್ತು ಎಂದ.

ಗೊತ್ತಿದ್ದರೆ ಅಲ್ಲಿ ಯಾಕೆ ಹಾಸಿದ ಎಂದು ಕೇಳಿದೆ. ಅವನು ಬಗ್ಗಿ ಹಗ್ಗವನ್ನು ಮತ್ತೆ ಕೈಗೆ ತೆಗೆದುಕೊಂಡ.

‘ನಾನೂ ಅದನ್ನ ಕೇಳಿದೆನ್ರಿ. ಮಾಸ್ತರು ಅಲ್ಲೇ ಕುಂತಿದ್ರಪ್ಪಾ, ಅವರ ಎದುರಿಗೆ ಅವರು ಕಲಿಸಿದ್ದನ್ನ ತಪ್ಪು ಅಂತ ಹ್ಯಾಂಗ ತೋರಸ್ಲಿ ಅಂದ.’

ನಾನು ಹೋಗದೇ ಇದ್ದಿದ್ದರೆ ಅವನು ಗೆದ್ದು ಬರುತ್ತಿದ್ದ. ತಪ್ಪು ಕಲಿಸಿದ್ದನ್ನಾದರೂ ಅವನು ದಾಟಿಕೊಳ್ಳುತ್ತಿದ್ದ. ದಾಟಲಾಗದ್ದು ಆ ಕುರ್ಚಿಯ ಮೇಲೆ ಕೂತ ನನ್ನನ್ನು.

ಮುಂದಿನ ಶುಕ್ರವಾರ ಹಿಟ್ನಾಳಕ್ಕೆ ಒಬ್ಬನೇ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಗಟ್ಟಿ ಮಾಡಿಕೊಳ್ಳುತ್ತ ಹೋದೆ. ಓವರಸೇರರು ಡೇರೆಯ ಮುಂದೆ ಮೇಜಿನ ಮೇಲೆ ನಕ್ಷೆ ಹರಡಿಕೊಂಡಿದ್ದರು. ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟೆ. ಹುಡುಗ ಮೊದಲು ಸರಿಯಾಗಿಯೇ ಅಳೆದಿದ್ದ, ನಾನು ನಕ್ಕು ಬಿಡಿಸಿದೆ, ನನ್ನ ಮರ್ಯಾದೆ ಉಳಿಸಲು ಅವನು ನಿಮ್ಮೆದುರು ತಪ್ಪು ಅಳೆದ, ಆ ಜಾಗ ಅವನದು, ಇನ್ನೊಮ್ಮೆ ಪರೀಕ್ಷೆ ಮಾಡಿ ಎಂದೆ. ಅವರು ಪೆನ್ಸಿಲ್ ಕೆಳಗಿಟ್ಟು ಪೂರ್ತಿ ಕೇಳಿದರು. ಕೇಳಿ, ದೂರದಲ್ಲಿ ಗೂಟ ಹೊಡೆಯುತ್ತಿದ್ದ ಹುಡುಗನನ್ನು ಕರೆಸಿದರು. ಬಂದ. ಮೊಣಕಾಲವರೆಗೆ ಕೆಂಪು ಮಣ್ಣು. ನನಗೆ ಕೈಮುಗಿದು ಪಕ್ಕಕ್ಕೆ ನಿಂತ. ನಿಮ್ಮ ಮಾಸ್ತರರು ಹೀಗೆ ಹೇಳುತ್ತಾರೆ, ಖರೇನೋ ಎಂದು ಓವರಸೇರರು ಕೇಳಿದರು.

‘ಇಲ್ರಿ ಸಾಹೇಬ್ರ,’ ಎಂದ ಹುಡುಗ. ‘ಮಾಸ್ತರು ಬರೋಬ್ಬರಿ ಕಲಿಸಿದ್ರು. ನಾನ ಗಾಬರಿಯಾಗಿ ಮರತೆ.’

ಓವರಸೇರರು ನನ್ನ ಕಡೆ ತಿರುಗಿದರು. ಅವರ ಕಣ್ಣಲ್ಲಿ ನೀರು ಬಂದಿತ್ತು. ಶಿಷ್ಯನ ತಪ್ಪನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡು ಇಷ್ಟು ದೂರ ಬರುವ ಮಾಸ್ತರನನ್ನು ತಾವು ಈವರೆಗೆ ನೋಡಿಲ್ಲ ಎಂದರು. ಅಲ್ಲಿದ್ದ ಗುಮಾಸ್ತನನ್ನೂ ಕರೆದು ಅದನ್ನೇ ಹೇಳಿದರು. ಆದರೆ ಜಾಗ ತುಂಬಿಯಾಗಿದೆ, ಕಾಗದ ಮೇಲಕ್ಕೆ ಹೋಗಿದೆ, ಏನೂ ಮಾಡಲು ಬರುವುದಿಲ್ಲ ಎಂದರು. ನಾನು ಹಾಗಲ್ಲ ಎಂದು ಬಾಯಿ ತೆರೆದೆ. ಇನ್ನೊಮ್ಮೆ ಒತ್ತಿ ಹೇಳಿದರೆ, ತನ್ನ ಸಾಹೇಬರ ಮುಂದೆ ಹುಡುಗ ಸುಳ್ಳುಗಾರನಾಗುತ್ತಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ನಿಜವೂ ಇರಬಹುದು. ಹೊಗಳಿಕೆ ಕಿವಿಗೆ ಹಿತವಾಗಿತ್ತು ಎನ್ನುವುದೂ ನಿಜ. ಇವೆರಡರಲ್ಲಿ ಯಾವುದು ನನ್ನ ಬಾಯಿ ಮುಚ್ಚಿಸಿತೆಂದು ನನಗೆ ಈವತ್ತಿಗೂ ಗೊತ್ತಿಲ್ಲ.

ಮಾಸ್ತರರಿಗೆ ಚಹಾ ತಂದುಕೊಡು ಎಂದು ಓವರಸೇರರು ಹುಡುಗನಿಗೆ ಹೇಳಿದರು. ಅವನು ಕೈ ತೊಳೆದುಕೊಂಡು ಬಂದು, ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದ. ನಾನು ಅದನ್ನು ತೆಗೆದುಕೊಂಡು, ಅವನ ಮುಂದೆಯೇ ಕುಡಿದೆ.